ಬದರಿನಾಥ ಅಳೆದ ತೊಲೆ

ಹಾಲಿನ ಕ್ಯಾನಿನ ಮೇಲೆ ಅಚ್ಚಾದ ತಾರೀಖನ್ನು ಬದರಿನಾಥ ಒಂದು ದಿನವೂ ನಂಬಿದವನಲ್ಲ. ಮುಚ್ಚಳ ತೆಗೆದು ಮೂಸಿ, ಒಂದು ಸೌಟು ಕುದಿಸಿ ನೋಡಿ, ಆಮೇಲೆ ಕಾಫಿಗೆ ಬೆರೆಸುತ್ತಿದ್ದ. ಫ್ಯಾಕ್ಟೋರಿಯಾದ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟಿನ ತಪಾಸಣೆ ಚೀಟಿ ಓದದೆ ಲಿಫ್ಟ್ ಹತ್ತುತ್ತಿರಲಿಲ್ಲ. ಪಕ್ಕದ ಮನೆಯವರು ಎದುರಾದಾಗಲೆಲ್ಲ ಹಲ್ಲು ಬಿಟ್ಟು ನಕ್ಕರೆ, ಇವರಿಗೆ ನನ್ನಿಂದ ಏನಾಗಬೇಕೋ ಎಂದು ಅರ್ಧ ದಿನ ಯೋಚಿಸುತ್ತಿದ್ದ.

“ಅನುಮಾನಂ ಪೆದ್ದ ರೋಗಂ ರೀ. ನಿಮಗೆ ಮದ್ದಿಲ್ಲ,” ಎನ್ನುತ್ತಿದ್ದಳು ಹೆಂಡತಿ ಉಷಾ.

“ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ನೆ ಹೇಳಿಲ್ಲ ಕಣೇ,” ಎಂದು ಅವನ ಉತ್ತರ.

ಅವನನ್ನು ಪೂರ್ತಿ ಬೈಯುವ ಹಾಗೂ ಇಲ್ಲ. ಮೈಸೂರಿನಲ್ಲಿ ಇಪ್ಪತ್ತಾರು ವರ್ಷ ಹಳೆಯ ಗುಡಿಗಳ ಅಳತೆ ತೆಗೆದು ನಕ್ಷೆ ಬರೆದವನು. ಅರ್ಚಕರು ಇದು ಸಾವಿರ ವರ್ಷದ್ದು ಅಂದರೆ ಮುನ್ನೂರಕ್ಕೆ ಇಳಿಸುವುದು, ಊರ ಗೌಡರು ಚೋಳರ ಕಾಲದ ಕಂಬ ಅಂದರೆ ಅದರ ಬುಡದಲ್ಲಿ ಸಿಮೆಂಟು ಹುಡುಕುವುದು ಅವನ ಅನ್ನದ ಕಸುಬಾಗಿತ್ತು. ಹುಣಸೂರಿನ ಕಡೆಯ ಒಂದು ಸಣ್ಣ ಗುಡಿಯಲ್ಲಿ ಮರದ ಬಾಗಿಲವಾಡವೊಂದನ್ನು ಅವನು ಎಂಟು ದಿನ ಕೂತು ಬರೆದಿದ್ದ. ಮೇಲಿನ ಅಡ್ಡಪಟ್ಟಿಯ ಎರಡು ತುದಿಗೂ ಮಕರ, ಮಕರದ ಬಾಯಿಂದ ಹೊರಟು ಅಲೆಯಲೆಯಾಗಿ ಹರಿಯುವ ಬಳ್ಳಿ. ಎರಡು ವರ್ಷ ಬಿಟ್ಟು ಹೋದರೆ ಅಲ್ಲಿ ಕಬ್ಬಿಣದ ಗೇಟು. ಗೆದ್ದಲು ತಿಂತು ಸ್ವಾಮಿ ಅಂದರು. ಆಮೇಲೊಂದು ದಿನ ಯಾವುದೋ ವಿದೇಶಿ ಹರಾಜಿನ ಪುಸ್ತಕದಲ್ಲಿ ಅದೇ ಮಕರ ಕಣ್ಣು ಬಿಟ್ಟುಕೊಂಡು ಕೂತಿತ್ತು. ಬದರಿನಾಥ ಕಂಡವರಿಗೆಲ್ಲ ಪತ್ರ ಬರೆದ. ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಸಂಕಟ ಅವನ ಎದೆಯಿಂದ ಹೋಗಲೇ ಇಲ್ಲ.

ಉಷಾಳಿಗೆ ಟೆಲಿಕಾಂ ಕಂಪನಿಯಲ್ಲಿ ಕೆಲಸವಾಗಿ ೨೦೦೪ರಲ್ಲಿ ಇಬ್ಬರೂ ಈ ಡಾಲರಿನ ದೇಶಕ್ಕೆ ಬಂದರು. ಅವನು ಬಂದದ್ದು ಹೆಂಡತಿಯ ವೀಸಾದ ಬಾಲ ಹಿಡಿದುಕೊಂಡು. ಆ ವೀಸಾದಲ್ಲಿ ಸಂಬಳಕ್ಕೆ ದುಡಿಯುವಂತಿಲ್ಲ. ಐವತ್ತೆರಡರ ಗಂಡಸು ಬೆಳಿಗ್ಗೆ ಹೆಂಡತಿಗೆ ಡಬ್ಬಿ ಕಟ್ಟಿಕೊಟ್ಟು, ಮಿಕ್ಕ ಹೊತ್ತು ಲೈಬ್ರರಿಯಲ್ಲಿ ಕಳೆಯುತ್ತಿದ್ದ. ಮರುವರ್ಷದ ಮಾರ್ಚಿನಲ್ಲಿ ಆ ಲೈಬ್ರರಿಯ ಬೋರ್ಡಿನ ಮೇಲೆ ಕೈಬರಹದ ಚೀಟಿಯೊಂದು ಕಂಡಿತು. ‘ಹಳೆಯ ಕೆತ್ತನೆಯ ಮರದ ಅಳತೆ ತೆಗೆದು ಚಿತ್ರ ಬರೆಯುವವರು ಬೇಕು. ಸಂಬಳ ಇಲ್ಲ. ಚಹಾ ಉಂಟು.’

ಸಂಬಳವಿಲ್ಲ ಎಂದು ಮೊದಲೇ ಹೇಳುವವರು ಏನೋ ಮುಚ್ಚಿಡುತ್ತಿರಬೇಕು ಎಂದುಕೊಂಡೇ ಅವನು ಫೋನ್ ಮಾಡಿದ.

ಚೀಟಿ ಹಾಕಿದಾಕೆ ಗ್ವೆನ್. ಎಂಬತ್ತನಾಲ್ಕು ವರ್ಷದ ಮುದುಕಿ, ಗಂಡ ತೀರಿಕೊಂಡು ಬಹಳ ದಿನವಾಗಿತ್ತು, ಮಕ್ಕಳಿರಲಿಲ್ಲ. ಮನೆ ನ್ಯೂಕಾಸಲ್‌ನಲ್ಲಿ, ಫ್ಯಾಕ್ಟೋರಿಯಾದಿಂದ ಬಸ್ಸಿನಲ್ಲಿ ಕಾಲು ಗಂಟೆ. ಈಗ ಅಲ್ಲಿ ಸಾಫ್ಟ್‌ವೇರಿನವರ ಹೊಸ ಮನೆಗಳು ಸಾಲುಗಟ್ಟಿವೆ, ಒಂದು ಕಾಲಕ್ಕೆ ಅದು ಕಲ್ಲಿದ್ದಲ ಗಣಿಯ ಊರು. ಗಣಿಯಲ್ಲಿ ದುಡಿಯಲು ವೇಲ್ಸ್ ದೇಶದಿಂದ ಬಂದವರಲ್ಲಿ ಗ್ವೆನ್‌ಳ ಅಜ್ಜನೂ ಒಬ್ಬ.

ಊಟದ ಮೇಜಿನ ಮೇಲೆ ಹಳೆಯ ಕಂಬಳಿ, ಕಂಬಳಿಯ ಮೇಲೆ ಏಳು ಅಡಿ ಉದ್ದದ ಕಪ್ಪು ತೊಲೆ. ಅಜ್ಜಿ ಅದರ ಕಥೆ ಹೇಳಿದಳು. ಲ್ಯಾನ್‌ಗೆರಿನ್ ಎಂಬ ವೇಲ್ಸಿನ ಹಳ್ಳಿಯಲ್ಲಿ ಏಳುನೂರು ವರ್ಷದ ಚರ್ಚು. ಜನ ಕೂರುವ ಉದ್ದನೆಯ ಅಂಕಣಕ್ಕೂ ಪಾದ್ರಿ ಪೂಜೆ ನಡೆಸುವ ಒಳಭಾಗಕ್ಕೂ ನಡುವೆ ಕೆತ್ತನೆಯ ಮರದ ಅಡ್ಡತೆರೆ ಇತ್ತು. ಒಳಗಿನದು ಕಾಣಬೇಕು, ಆದರೆ ಪೂರ್ತಿ ಕಾಣಬಾರದು, ಹಾಗೆ. ಬದರಿನಾಥ ಮನಸ್ಸಿನಲ್ಲೇ ನವರಂಗ, ಗರ್ಭಗುಡಿ, ನಡುವೆ ಜಾಲಂಧ್ರ ಎಂದು ಲೆಕ್ಕ ಹಿಡಿದ. ೧೮೭೨ರಲ್ಲಿ ಬಂದ ಹೊಸ ಪಾದ್ರಿಗೆ ಆ ಕತ್ತಲೆ ಹಿಡಿಸಲಿಲ್ಲ. ತೆರೆ ಬಿಚ್ಚಿ ಒಲೆಗೆ ಹಾಕಿ ಅಂದ. ಬಿಚ್ಚುವ ಕೂಲಿಗೆ ಬಂದ ಬಡಗಿಯೇ ಗ್ವೆನ್‌ಳ ಅಜ್ಜ. ಎಲ್ಲ ಬಿಚ್ಚಿದ, ಮೇಲಿನ ತೊಲೆಯ ಒಂದು ತುಂಡನ್ನು ಮಾತ್ರ ಒಲೆಗೆ ಹಾಕಲು ಕೈಬರಲಿಲ್ಲ. ಕಂಬಳಿಯಲ್ಲಿ ಸುತ್ತಿ ಹಡಗು ಹತ್ತಿಸಿಕೊಂಡು ಬಂದ.

“ಈಗ ಆ ಊರಿನವರು ತೆರೆಯನ್ನು ಮತ್ತೆ ನಿಲ್ಲಿಸ್ತಾ ಇದ್ದಾರೆ, ಮಿಸ್ಟರ್ ನಾಥ್. ಸೆಪ್ಟೆಂಬರ್ ಕೊನೆಯ ಭಾನುವಾರ,” ಎಂದಳು. “ಈ ತುಂಡು ಅದರ ಜಾಗಕ್ಕೆ ಏರೋದನ್ನ ನಾನು ನಿಂತು ನೋಡಬೇಕು. ನನ್ನ ಡಾಕ್ಟರ್ ಈ ವರ್ಷ ವಿಮಾನ ಹತ್ತಬಹುದು ಅಂದಿದ್ದಾನೆ. ಮುಂದಿನ ವರ್ಷದ ಮಾತು ಬೇಡ ಅಂದಿದ್ದಾನೆ. ಅಳತೆಯ ಚಿತ್ರ ಬೇಸಿಗೆಯೊಳಗೆ ಅಲ್ಲಿಗೆ ತಲುಪಿದರೆ ಅವರು ಜಾಗ ಹೊಂದಿಸ್ತಾರೆ.”

ಆಕೆ ಚರ್ಚಿನ ಪುಟ್ಟ ಪುಸ್ತಕ, ಫೋಟೋಗಳು ಎಲ್ಲ ಹರಡಿದಳು. ಗುಂಡನೆಯ ಆವರಣ, ಮುದಿ ಯೂ ಮರಗಳು, ಬಾಣದ ಕಿಂಡಿಯಂಥ ಸಣ್ಣ ಕಿಟಕಿಯ ಕುಳ್ಳು ಗೋಪುರ. ಗೋಡೆಯೊಳಗೇ ಕೊರೆದ ಕಲ್ಲಿನ ಮೆಟ್ಟಿಲು ಹತ್ತಿಹೋಗಿ ಒಂದು ಬಾಗಿಲಲ್ಲಿ ಮುಗಿಯುತ್ತಿತ್ತು, ಬಾಗಿಲಾಚೆ ಏನೂ ಇಲ್ಲ, ಬರೀ ಗಾಳಿ. ಹಿಂದೆ ಅಲ್ಲಿ ತೆರೆಯ ಮೇಲೊಂದು ಅಟ್ಟವಿತ್ತಂತೆ. ಬದರಿನಾಥ ಒಂದು ಫೋಟೋ ಎತ್ತಿ ಬೆಳಕಿಗೆ ಹಿಡಿದ. “ಈ ತೆಂಕಣ ಕಿಟಕಿ ಗೋಡೆಯ ಕಾಲದ್ದಲ್ಲ. ಸುತ್ತಲಿನ ಕಲ್ಲು ಕಡಿದು ಆಮೇಲೆ ಕೂರಿಸಿದ್ದು,” ಅಂದ. ಗ್ವೆನ್ ಪುಸ್ತಕ ತಿರುವಿದಳು. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಗೆಯೇ ಇತ್ತು. ಅವಳ ಮುಖ ಅರಳಿತು. ನೀವೇ ನನಗೆ ಬೇಕಾದವರು ಅಂದಳು.

ಅವನಿಗೂ ಹೆಮ್ಮೆಯಾಯಿತು. ಬಂದು ವರ್ಷದ ಮೇಲಾಗಿತ್ತು, ಒಬ್ಬರು ಅವನ ಕಸುಬಿಗೆ ಮರ್ಯಾದೆ ಕೊಟ್ಟದ್ದು ಅವತ್ತೇ ಮೊದಲು. ಆ ಹೆಮ್ಮೆಯಲ್ಲೇ ಬಗ್ಗಿ ತೊಲೆಯ ಕೆತ್ತನೆ ನೋಡಿದ.

ತೊಲೆಯ ಎಡ ತುದಿಗೆ ಒಂದು ಮೃಗ. ಸುರುಳಿ ಬಾಲ, ತೆರೆದ ಬಾಯಿ. ಆ ಬಾಯಿಂದ ಒಂದು ಬಳ್ಳಿ ಹೊರಟು ಎಲೆ ಹಣ್ಣು ಬಿಡುತ್ತ ಅಲೆಯಲೆಯಾಗಿ ಬಲಕ್ಕೆ ಹರಿದಿತ್ತು.

ಮಕರ! ಅವನಿಗೆ ಬೇರೆ ಏನೂ ಕಾಣಲಿಲ್ಲ. ಮೃಗಕ್ಕೆ ಎರಡು ರೆಕ್ಕೆಗಳೂ ಇದ್ದವು. ಮಕರಕ್ಕೆ ರೆಕ್ಕೆ ಎಲ್ಲಿಯದು? ಅದು ಸವೆದ ಜಟೆ ಇರಬೇಕು ಎಂದು ತಾನೇ ಸಮಾಧಾನ ಹೇಳಿಕೊಂಡ. ಅನುಮಾನದವನಿಗೆ ಸಾಕ್ಷಿ ಹುಡುಕಿಕೊಡಲು ಬೇರೆ ಯಾರೂ ಬೇಕಿಲ್ಲ. ಓಕ್ ಮರ ಎಂದಳು ಅಜ್ಜಿ, ನೂರಿಪ್ಪತ್ತು ವರ್ಷದ ಇದ್ದಲ ಹೊಗೆ ಕುಡಿದು ಕಪ್ಪಾಗಿದೆ ಎಂದಳು. ಹೊಗೆ ಹಿಡಿದರೆ ತೇಗವೂ ಕಪ್ಪೇ ಎಂದುಕೊಂಡ ಇವನು. ಎಲೆಗಳ ಸಂದಿಯಲ್ಲಿ ಏನೋ ಕೆಂಪು ಕಂಡಿತು. ಅಜ್ಜಿ ಚಹಾ ತರಲು ಒಳಗೆ ಹೋದಾಗ ಉಗುರಲ್ಲಿ ಕೆರೆದ. ಕೆಂಪು ಪುಡಿ. ಕಾಗದದ ಚೂರಿನಲ್ಲಿ ಮಡಿಸಿ ಜೇಬಿಗೆ ಹಾಕಿಕೊಂಡ. ತಲೆ ಎತ್ತಿದರೆ ಗೋಡೆಯ ಮೇಲೊಂದು ಹಡಗಿನ ಫೋಟೋ. ಅಜ್ಜಿಯ ಗಂಡ ಸರಕಿನ ಹಡಗಿನಲ್ಲಿದ್ದವನು. ಫೋಟೋದ ಕೆಳಗೆ ಬರೆದಿತ್ತು: ಮದ್ರಾಸ್ ಬಂದರು, ೧೯೫೮.

ಸಂಜೆ ಮನೆಗೆ ಬಂದವನೇ ಕಾಗದ ಬಿಚ್ಚಿ ಉಷಾಳ ಮೂಗಿನ ಮುಂದೆ ಹಿಡಿದ. “ಇದೇನು ಹೇಳು?”

“ಕುಂಕುಮದ ಥರ ಇದೆ. ಎಲ್ಲಿಂದ ತಂದ್ರಿ?”

“ಥರ ಅಲ್ಲ ಕಣೇ, ಕುಂಕುಮಾನೇ. ಯಾವುದೋ ಗುಡಿ ಬಾಗಿಲಿಗೆ ಹೆಂಗಸರು ಇಟ್ಟ ಕುಂಕುಮ. ಗಂಡ ಮದ್ರಾಸಿಂದ ಕದ್ದ ಮಾಲು ತಂದಿದ್ದಾನೆ, ಈ ಮುದುಕಿ ಅಜ್ಜನ ಕಥೆ ಕಟ್ಟಿ ಚರ್ಚಿಗೆ ಸಾಗಿಸ್ತಾ ಇದಾಳೆ. ಒಂದ್ಸಲ ಅಲ್ಲಿ ದೇವರ ಮುಂದೆ ಏರಿಸಿಬಿಟ್ರೆ ಮುಗೀತು, ಆಮೇಲೆ ಯಾರು ಕೇಳ್ತಾರೆ?”

ಉಷಾ ಲ್ಯಾಪ್‌ಟಾಪ್ ಮುಚ್ಚಿದಳು. “ಕದ್ದ ಮಾಲಾದ್ರೆ ಲೈಬ್ರರೀಲಿ ಚೀಟಿ ಅಂಟಿಸಿ ಅಳತೆ ತೆಗೆಯೋಕೆ ಕರೀತಿದ್ರಾ? ಒಂದ್ಸಲ ನೇರವಾಗಿ ಕೇಳಿಬಿಡಿ ಅವರನ್ನ.”

“ಕೇಳಿದ್ರೆ ಎಚ್ಚರ ಆಗ್ತಾಳೆ.”

“ನಿಮ್ಮ ಹುಣಸೂರಿನ ಬಾಗಿಲು ಇನ್ನೂ ನಿಮ್ಮ ಕಣ್ಣಲ್ಲೇ ಇದೆ ರೀ. ಅದಕ್ಕೆ ಎಲ್ಲ ಕಡೆ ಅದೇ ಕಾಣ್ಸುತ್ತೆ,” ಎಂದಳು ಉಷಾ. ಅವನು ಕೇಳಿಸಿಕೊಳ್ಳದವನಂತೆ ಅಡುಗೆಮನೆಗೆ ಹೋದ.

ಒಳ್ಳೆ ಕೆಲಸಗಾರನಾದ್ದರಿಂದ ಮೊದಲು ಕ್ರಮವಾಗಿಯೇ ನಡೆದ. ಚರ್ಚಿನ ಆಡಳಿತ ನೋಡಿಕೊಳ್ಳುತ್ತಿದ್ದ ಪ್ರೈಸ್ ಎಂಬಾತನಿಗೆ ಮೇ ತಿಂಗಳಲ್ಲಿ ಇಮೇಲ್ ಹಾಕಿ, ತೆರೆಯ ಬುಡದ ಹೊಸ್ತಿಲ ತೊಲೆ ಏನಾದರೂ ಉಳಿದಿದ್ದರೆ ಅದರ ಅಳತೆ ಕಳಿಸಿ ಎಂದು ಕೇಳಿದ. ಅದು ನೆಲಹಾಸಿನ ಕೆಳಗಿದೆ, ಆಗಸ್ಟಿನಲ್ಲಿ ಹಲಗೆ ಎತ್ತುತ್ತೇವೆ, ಆಗ ಅಳೆದು ಕಳಿಸುತ್ತೇನೆ ಎಂದು ಉತ್ತರ ಬಂತು. ಅಷ್ಟು ದಿನ ಕಾಯಬಹುದಿತ್ತು. ಬದರಿನಾಥ ಕಾಯಲಿಲ್ಲ. ಜೂನ್ ಮೊದಲ ವಾರ ಲೈಬ್ರರಿಯಲ್ಲಿ ಕೂತು ಇನ್ನೊಂದು ಇಮೇಲ್ ಬರೆದ. ‘ಇಪ್ಪತ್ತಾರು ವರ್ಷದ ಅನುಭವದ ಮೇಲೆ ಹೇಳುತ್ತಿದ್ದೇನೆ. ಈ ತೊಲೆ ನಿಮ್ಮದಲ್ಲ. ದಕ್ಷಿಣ ಭಾರತದ ಗುಡಿಯೊಂದರಿಂದ ಕದ್ದದ್ದು ಎಂದು ನನಗೆ ಬಲವಾದ ಸಂಶಯವಿದೆ.’ ಕಳುಹಿಸುವ ಗುಂಡಿ ಒತ್ತಿದ ಮೇಲೆ ಹದಿನೈದು ವರ್ಷದ ಭಾರ ಇಳಿದಂತಾಯಿತು. ಹುಣಸೂರಿನ ಬಾಗಿಲಿಗೆ ಆಗದ ನ್ಯಾಯ ಇದಕ್ಕಾದರೂ ಆಗಲಿ ಎಂದುಕೊಂಡ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ಅವನಿಗೆ ಗೊತ್ತಿಲ್ಲದ ಗಾದೆಯೇನಲ್ಲ.

ಆಮೇಲೂ ವಾರಕ್ಕೆ ಮೂರು ದಿನ ಅಜ್ಜಿಯ ಮನೆಗೆ ಹೋಗುವುದನ್ನು ಬಿಡಲಿಲ್ಲ. ಚಿತ್ರವನ್ನು ಸಾಕ್ಷಿಗೆ ಒಪ್ಪುವಂತೆ ಬರೆಯಬೇಕಿತ್ತಲ್ಲ. ಒಂದೊಂದು ಎಲೆಯ ನರವನ್ನೂ ಬಿಡದೆ, ಎರಡು ವಾರದಲ್ಲಿ ಮುಗಿಯುವುದನ್ನು ಮೂರು ತಿಂಗಳು ಎಳೆದ. ಗ್ವೆನ್ ಒಣದ್ರಾಕ್ಷಿ ಹಾಕಿದ ಬ್ರೆಡ್ಡು ಬೆಣ್ಣೆ ಹಚ್ಚಿ ಕೊಡುತ್ತಿದ್ದಳು. ಮನೆಯಲ್ಲಿ ಹಾಲನ್ನು ಮೂಸಿ ಕುಡಿಯುವವನು ಇಲ್ಲಿ, ಕಳ್ಳಿಯೆಂದು ತೀರ್ಮಾನಿಸಿದವಳ ಕೈಯಿಂದ, ಎರಡೆರಡು ಚೂರು ತಿಂದು ಬರುತ್ತಿದ್ದ.

ಜುಲೈನಲ್ಲಿ ಒಂದು ದಿನ ಅವನು ಒಳಗೆ ಬರುತ್ತಿದ್ದಂತೆ ಆಕೆ ಒಂದು ಲಕೋಟೆಯನ್ನು ಸರಕ್ಕನೆ ಡ್ರಾಯರಿಗೆ ಹಾಕಿದಳು. “ಸೆಪ್ಟೆಂಬರಿನ ಪ್ರಯಾಣ ನಿಂತುಹೋಯಿತು. ಊರಿನವರಿಗೆ ಏನೋ ತೊಡಕಂತೆ, ಆ ಜಾಗಕ್ಕೆ ಹೊಸ ಮರ ಕೆತ್ತಿಸ್ತಾರಂತೆ,” ಎಂದಳು. ಅವನ ಮುಖವನ್ನೇ ನೋಡುತ್ತ ಹೇಳಿದಳು. ಸಿಕ್ಕಿಬೀಳುವ ಭಯ ಹತ್ತಿದೆ ಇವಳಿಗೆ ಎಂದುಕೊಂಡ ಬದರಿನಾಥ. ಆದರೂ ಮರುದಿನ ಬಾಗಿಲು ತಟ್ಟಿದರೆ ಆಕೆ ತೆರೆದಳು. ಡಾಕ್ಟರ ಬಳಿ ಹೋಗಬೇಕಾದ ದಿನ ಮನೆಯ ಕೀಲಿಯನ್ನೇ ಕೊಟ್ಟು ಹೋದಳು. ಇದೇನು ಉಪಾಯ ಎಂದು ಅವನು ಅದಕ್ಕೂ ತಲೆ ಕೆಡಿಸಿಕೊಂಡ.

ಆಗಸ್ಟಿನ ಕೊನೆಗೆ ತೊಲೆಯನ್ನು ಮಗುಚಿ ಹೊಟ್ಟೆಯ ಭಾಗ ಬರೆಯಲು ಕೂತ. ಅಲ್ಲಿ ಕಂಬದ ತುದಿ ಕೂರಲೆಂದು ಕೊರೆದ ಚೌಕ ತೂತುಗಳು ಐದು. ತೂತಿಗೂ ತೂತಿಗೂ ಒಂದೂವರೆ ಅಡಿ ಅಂತರ, ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಮಾತ್ರ ಹದಿಮೂರು ಅಂಗುಲ. ಬಾಗಿಲವಾಡದ ಪಟ್ಟಿಗೆ ಐದು ಕಂಬ ಯಾಕೆ? ಕೆಲಸಗಾರ ಅಳತೆ ತಪ್ಪಿದ್ದಾದರೂ ಯಾಕೆ? ಆ ಅಂತರವನ್ನು ಎರಡು ಸಲ ಅಳೆದು ಬರೆದುಕೊಂಡು ಬಂದ.

ಸೆಪ್ಟೆಂಬರ್ ಎರಡನೇ ವಾರ ಪ್ರೈಸ್‌ನಿಂದ ಅಂಚೆ ಬಂತು. ‘ನೀವು ಮೇ ತಿಂಗಳಲ್ಲಿ ಕೇಳಿದ್ದು. ನಿಮ್ಮ ಚಿತ್ರ ಇನ್ನೂ ಬಂದಿಲ್ಲ’ ಎಂಬ ಎರಡು ಸಾಲು, ಜೊತೆಗೆ ನೆಲದಡಿ ಸಿಕ್ಕ ಹೊಸ್ತಿಲ ತೊಲೆಯ ನಕ್ಷೆ. ಬದರಿನಾಥ ಅದನ್ನು ತನ್ನ ಅಳತೆಗೆ ಇಳಿಸಿ ಟ್ರೇಸಿಂಗ್ ಹಾಳೆಗೆ ಎತ್ತಿ, ತನ್ನ ಚಿತ್ರದ ಮೇಲೆ ಹಾಸಿದ. ಉತ್ತರದ ಗೋಡೆಯ ಕಡೆಯಿಂದ ಮೊದಲನೆಯ ತೂತು ಕೂಡಿತು. ಎರಡನೆಯದು ಕೂಡಿತು. ಮೂರನೆಯದರ ನಂತರದ ಆ ಕುಳ್ಳು ಅಂತರ, ಹದಿಮೂರು ಅಂಗುಲ, ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂಡಿತು. ಕೆಳಗಿನ ತೊಲೆಯಲ್ಲಿ ಐನೂರು ವರ್ಷದ ಹಿಂದೆ ಯಾವನೋ ಬಡಗಿ ಮರದ ಗಂಟೊಂದನ್ನು ತಪ್ಪಿಸಲು ತೂತನ್ನು ಈಚೆಗೆ ಸರಿಸಿದ್ದ, ಮೇಲಿನದನ್ನೂ ಅದಕ್ಕೆ ಸರಿಯಾಗಿ ಕೊರೆದಿದ್ದ. ನಕ್ಷೆಯ ಅಂಚಿನಲ್ಲಿ ಟಿಪ್ಪಣಿಯಿತ್ತು: ಮರದ ಸಂದಿಗಳಲ್ಲಿ ಹಳೆಯ ಕೆಂಪು ಬಣ್ಣದ ಪುಡಿ ಉಳಿದಿದೆ, ಈ ಸೀಮೆಯ ತೆರೆಗಳಿಗೆಲ್ಲ ಹಚ್ಚುತ್ತಿದ್ದದ್ದು.

ಸಂಜೆ ಉಷಾ ಬಂದಾಗ ಅವನು ಇನ್ನೂ ನೆಲದ ಮೇಲೆ ಹಾಳೆಗಳ ಮುಂದೆ ಕೂತಿದ್ದ.

“ಹಗ್ಗ ನೋಡಿ ಹಾವು ಅಂದುಬಿಟ್ಟೆ ಉಷಾ,” ಎಂದ. “ಅಂದದ್ದಷ್ಟೇ ಅಲ್ಲ, ಊರಿಗೆಲ್ಲ ಸಾರಿಬಿಟ್ಟೆ.” ಉಷಾ ಅವನ ಪಕ್ಕ ನೆಲಕ್ಕೇ ಕೂತಳು. “ನಾಳೆ ಬೆಳಿಗ್ಗೆ ಹೋಗಿ ಹೇಳಿ. ಇಮೇಲ್ ಬೇಡ, ಎದುರಿಗೆ ನಿಂತು ಹೇಳಿ,” ಎಂದಳು.

ಮರುದಿನ ಮೊದಲ ಬಸ್ಸಿಗೇ ಹೋದ. ಗ್ವೆನ್ ಕೋಲು ಊರಿಕೊಂಡು ಬಂದು ಬಾಗಿಲು ತೆರೆದಳು. ಅವನು ಕೋಟು ಕೂಡ ಬಿಚ್ಚಲಿಲ್ಲ.

“ಮ್ಯಾಡಮ್, ನಿಮ್ಮ ತೊಲೆ ಕದ್ದದ್ದು ಅಂತ ಊರಿಗೆ ಬರೆದವನು ನಾನು.”

“ಗೊತ್ತು,” ಎಂದಳು ಗ್ವೆನ್.

ಡ್ರಾಯರಿನಿಂದ ಲಕೋಟೆ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಅವನದೇ ಇಮೇಲಿನ ಪ್ರತಿ. ಪ್ರೈಸ್ ಜುಲೈನಲ್ಲೇ ಕಳಿಸಿದ್ದ.

“ಗೊತ್ತಿದ್ದೂ ನನ್ನ ಒಳಗೆ ಬಿಟ್ಟಿರಾ? ಕೀಲಿ ಕೊಟ್ಟಿರಾ?”

“ಒಂದು ವಾರ ಸಿಟ್ಟಲ್ಲಿ ಉರಿದೆ. ಬಾಗಿಲು ಮುಖಕ್ಕೆ ಬಡಿಯಬೇಕು ಅಂತಲೂ ಅನ್ನಿಸಿತು,” ಎಂದಳು ಆಕೆ. “ಆಮೇಲೆ ಯೋಚಿಸಿದೆ. ಅಜ್ಜನ ಮಾತು ನಿಜ ಅಂತ ಮೊಮ್ಮಗಳು ಹೇಳಿದರೆ ಯಾರು ಲೆಕ್ಕಕ್ಕೆ ಇಡ್ತಾರೆ? ಸುಳ್ಳು ಅಂತ ನಂಬಿದವನೇ ಅಳೆದು ನಿಜ ಅಂದರೆ ಯಾರೂ ಇಲ್ಲ ಅನ್ನೋ ಹಾಗಿಲ್ಲ. ನೀವು ಕಣ್ಣಿಟ್ಟು ಅಳೆಯೋರು, ಅದು ಮೊದಲ ದಿನವೇ ಗೊತ್ತಾಗಿತ್ತು. ನಿಮಗೇ ತಿಳಿಯುತ್ತೆ ಅಂತ ಸುಮ್ಮನಿದ್ದೆ.” ಕೋಲಿನ ಹಿಡಿಯನ್ನು ಒಮ್ಮೆ ತಿರುಗಿಸಿದಳು. “ಇಷ್ಟು ತಡ ಮಾಡ್ತೀರಿ ಅಂತ ಮಾತ್ರ ಅಂದುಕೊಂಡಿರಲಿಲ್ಲ. ಈ ಸೆಪ್ಟೆಂಬರ್ ದಾಟಿದ ಮೇಲೆ ವಿಮಾನ ಬೇಡ ಅಂತ ಡಾಕ್ಟರ್ ಆಗಸ್ಟಿನಲ್ಲಿ ಹೇಳಿಬಿಟ್ಟ. ಅಷ್ಟರೊಳಗೆ ತೊಲೆ ಅಲ್ಲಿಗೆ ತಲುಪೋದಿಲ್ಲ.”

ಒಂದೊಂದು ಎಲೆಯ ನರ ಬರೆಯುತ್ತ ತಾನು ಕಳೆದ ಮೂರು ತಿಂಗಳು ಯಾರ ಮೂರು ತಿಂಗಳು ಎಂಬುದು ಅವನಿಗೆ ಆಗ ತಿಳಿಯಿತು. ಮುದುಕಿಯ ಮುಂದೆ ಮಗುವಿನಂತೆ ಅತ್ತ. ಆಕೆ ಅಳಲು ಬಿಟ್ಟಳು, ಆಮೇಲೆ ಕಾಗದ ಪೆನ್ನು ಸರಿಸಿದಳು. ಅವನು ಅಲ್ಲೇ ಕೂತು ಪ್ರೈಸ್‌ಗೆ ಬರೆದ. ತೊಲೆ ನಿಮ್ಮದೇ, ತಪ್ಪು ನನ್ನದು, ಅಳತೆ ಇದರೊಂದಿಗಿದೆ, ಹೊಸ ಮರದ ಕೆಲಸ ನಿಲ್ಲಿಸಿ. ಕ್ಷಮೆ ಕೇಳುವ ಸಾಲನ್ನು ಎರಡು ಸಲ ಬರೆದಿದ್ದ. ಒಂದು ಸಾಕು ಎಂದು ಗ್ವೆನ್ ಒಂದನ್ನು ಹೊಡೆದುಹಾಕಿದಳು.

ತೊಲೆ ಜನವರಿಯಲ್ಲಿ ಹಡಗು ಹತ್ತಿತು. ಪೆಟ್ಟಿಗೆ ಮಾಡಿಸಿದ್ದು, ಹುಲ್ಲು ತುಂಬಿಸಿದ್ದು, ಕಾಗದಪತ್ರ ಸರಿಪಡಿಸಿದ್ದು ಎಲ್ಲ ಬದರಿನಾಥನೇ. ಮಾರ್ಚಿನಲ್ಲಿ ಅದನ್ನು ಅದರ ಜಾಗಕ್ಕೆ ಏರಿಸಿದರು. ಪ್ರೈಸ್ ಕಳಿಸಿದ ಫೋಟೋ ಹಿಡಿದು ಅವನು ನ್ಯೂಕಾಸಲ್‌ಗೆ ಹೋದಾಗ ಗ್ವೆನ್ ಹಾಸಿಗೆಯಲ್ಲೇ ದಿಂಬಿಗೆ ಒರಗಿ ಕೂತಿದ್ದಳು. ಫೋಟೋವನ್ನು ಹತ್ತಿರ ಹಿಡಿದಳು, ದೂರ ಹಿಡಿದಳು, ಅವನ ಕೈಗೇ ವಾಪಸು ಕೊಟ್ಟಳು.

“ನನ್ನ ಕಣ್ಣಿಗೆ ಬರೀ ಕಪ್ಪು ಕಾಣಿಸುತ್ತೆ. ನಿಮಗೆ ಆ ಕಟ್ಟಡದ ಅಂಗುಲ ಅಂಗುಲ ಗೊತ್ತಲ್ಲ, ಹೇಳಿ,” ಎಂದು ಕಣ್ಣು ಮುಚ್ಚಿದಳು.

ಅವನು ಆ ನೆಲವನ್ನೂ ಮೆಟ್ಟಿದವನಲ್ಲ, ಆ ದೇಶವನ್ನೂ ಕಂಡವನಲ್ಲ. ಆದರೂ ಪುಸ್ತಕ, ನಕ್ಷೆಗಳಲ್ಲಿ ಕಂಡ ಅಳತೆ ನೆನೆದು ಹೇಳಿದ. “ತೆಂಕಣ ಬಾಗಿಲಲ್ಲಿದ್ದೀರಿ ಮ್ಯಾಡಮ್. ತಲೆ ಬಗ್ಗಿಸಿ, ಬಾಗಿಲು ಐದೂಮುಕ್ಕಾಲು ಅಡಿ ಅಷ್ಟೆ. ಒಂದು ಮೆಟ್ಟಿಲು ಕೆಳಗೆ. ಗೋಡೆ ಮೂರಡಿ ದಪ್ಪ, ಒಳಗೆ ತಂಪಿದೆ. ಬಲಕ್ಕೆ ತಿರುಗಿ. ಕಲ್ಲು ಒರಟು, ಮೆಲ್ಲಗೆ ನಡೀರಿ. ಹದಿನಾರು ಹೆಜ್ಜೆ. ಎಡಗಡೆ ಗೋಡೆಯಲ್ಲಿ ಆ ಮೆಟ್ಟಿಲಿನ ಸಂದಿ ಬಂತು. ಇಲ್ಲಿ ನಿಲ್ಲಿ. ಈಗ ತಲೆ ಎತ್ತಿ.”

ಕಣ್ಣು ಮುಚ್ಚಿಕೊಂಡೇ ಗ್ವೆನ್ ದಿಂಬಿನಿಂದ ತಲೆ ಎತ್ತಿದಳು.

“ಎಡ ತುದಿಗೆ ಆ ಮೃಗ ಇದೆ. ರೆಕ್ಕೆ ಬಿಚ್ಚಿದೆ. ಬಾಯಿಂದ ಬಳ್ಳಿ ಬರ್ತಾ ಇದೆ,” ಎಂದ ಬದರಿನಾಥ.

ಆಕೆಯ ಮುಚ್ಚಿದ ರೆಪ್ಪೆಯ ಕೆಳಗಿಂದ ನೀರು ಇಳಿಯಿತು.

“ನಾನೇ ನೋಡಬೇಕಾಗಿತ್ತು, ಮಿಸ್ಟರ್ ನಾಥ್.”

“ಹೌದು ಮ್ಯಾಡಮ್, ನೋಡಬೇಕಾಗಿತ್ತು. ನನ್ನಿಂದ ತಪ್ಪಿಹೋಯಿತು.”

ಹಾಗೇನಿಲ್ಲ ಬಿಡಿ ಎಂದು ಆಕೆ ಅನ್ನಲಿಲ್ಲ.